ಹತ್ತು ಲಕ್ಷದ ಒಂದನೆಯ ಚೀಟಿ

ಹತ್ತು ಲಕ್ಷದ ಚೀಟಿ ಹೊರಬಿದ್ದಾಗ
ಕಾಟಾದ ಮೇಲೆ ನಿಂತಿತ್ತು ಢವಳೇಶ್ವರದ ಟ್ರ್ಯಾಕ್ಟರು.
ಎಂ.ಡಿ. ಸಾಹೇಬರು ಬಂದರು, ಶಾಲು ಬಂತು, ಪೇಡೆ ಬಂತು,
ಫೋಟೊದವನು ಇಂಜಿನ್ ಬಂದ್ ಮಾಡಿಸಿದ.
ಆರು ಸೊನ್ನೆ, ತಾಟಿನಲ್ಲಿಟ್ಟ ಉಂಡಿಯ ಹಾಗೆ.

ಅದರ ಹಿಂದೆ ಲಗಮಪ್ಪನ ಚಕ್ಕಡಿ.
ಅರ್ಧ ತಾಸು ನೊಗ ಹೊತ್ತು ನಿಂತ ಎತ್ತುಗಳು
ಹಾರದಿಂದುದುರಿದ ಚೆಂಡುಹೂ ಮೂಸಿ ಬಿಟ್ಟವು.
ಗುಂಡಿ ಒತ್ತಿದೆ: ೧೦,೦೦,೦೦೧.
"ಒಂದರಾಗ ತಪ್ಪಿತಲ್ಲ ಅಕ್ಕಾ" ಅಂದ,
ನಕ್ಕ, ಕಬ್ಬಿಳಿಸುವ ಸಾಲಿಗೆ ಹೋದ.

ನಾನು ಕಸ್ತೂರಿ ಬೆಂಡಿಗೇರಿ. ಬಿ.ಎಸ್ಸಿ., ಗಣಿತ.
ಹಂಗಾಮಿನ ಐದು ತಿಂಗಳು ಮುಧೋಳದ ಈ ಕಡೆ
ಕಾಕಂಬಿ ನಾತದೊಳಗೆ ತೂಕ ಬರೆಯುವವಳು.
ಬಂಡಿಗೂ ಬಂಡಿಗೂ ನಡುವೆ
ಕಾರ್ಬನ್ ಹಾಳೆಯ ಹಿಂದೆ ಭಾಗಾಕಾರ ಮಾಡುವ ಚಟ.

ಹತ್ತು ಲಕ್ಷವೇನು, ಊರಿಗೆಲ್ಲ ಬೀಗ:
ಎರಡು ಕರೆದರೂ ಓಗೊಡುತ್ತದೆ, ಐದು ಕರೆದರೂ.
ನಲವತ್ತೊಂಬತ್ತು ಭಾಜಕ, ಮದುವೆ ಪಂಕ್ತಿಯಷ್ಟು.
ಅದರ ಬೆನ್ನಿಗೆ ಬಂದ ಇದು?

ಎರಡಕ್ಕೆ ಹೋಗದು. ಬೆಸ.
ಮೂರರಿಂದ ಭಾಗಿಸಿದೆ, ಎರಡು ಉಳಿಯಿತು.
ಏಳರಿಂದ, ಎರಡು.
ಹನ್ನೊಂದರಿಂದ, ಎರಡು. ಹದಿಮೂರರಿಂದಲೂ ಎರಡೇ.
ಎಲ್ಲ ಹಂಚಿದ ಮೇಲೂ
ನೊಗದ ಕೆಳಗೆ ಆ ಜೋಡಿ ಹಾಗೇ ನಿಂತಿತ್ತು.

ಹದಿನೇಳು ಹತ್ತು ಉಳಿಸಿತು, ಹತ್ತೊಂಬತ್ತು ಹನ್ನೆರಡು.
ಹನ್ನೊಂದು ಗಂಟೆಗೆ ಚಹಾ.
ಐವತ್ಮೂರರ ಹೊತ್ತಿಗೆ ಜಮಗಿಯ ಬಂಡಿಯೊಂದು
ತೂಕ ಕಮ್ಮಿ ಅಂತ ತಂಟೆ ತೆಗೆಯಿತು.
ತೊಂಬತ್ತೇಳಕ್ಕೂ ಬಗ್ಗಲಿಲ್ಲ.
ನೂರರೊಳಗಿನ ಇಪ್ಪತ್ತೈದು ಅವಿಭಾಜ್ಯ
ಬಂದು, ತಟ್ಟಿ, ಕೈಚೆಲ್ಲಿ ಹೋದವು.
ಇದೂ ಅವಿಭಾಜ್ಯವೇ ಇರಬೇಕು,
ಯಾರ ಹಂಗೂ ಇಲ್ಲದ್ದು ಅಂದುಕೊಂಡೆ.
ಯಾಕೋ ಖುಷಿಯಾಯಿತು.

ಆಮೇಲೆ ನೂರಾ ಒಂದು.
ಶೇಷ ಬರೆಯುವ ಜಾಗದಲ್ಲಿ ಸೊನ್ನೆ.
ಮತ್ತೆ ಮಾಡಿದೆ. ಸೊನ್ನೆ.
ನೂರಾ ಒಂದು ಸಲ ಒಂಬತ್ತು ಸಾವಿರದ ಒಂಬೈನೂರಾ ಒಂದು.
ಆ ದೊಡ್ಡದನ್ನು ಬೇರೆ ಪರೀಕ್ಷಿಸಬೇಕಿಲ್ಲ,
ಅದರ ವರ್ಗಮೂಲ ನೂರರ ಒಳಗೇ,
ಅಷ್ಟರೊಳಗಿನವರೆಲ್ಲ ಆಗಲೇ ಸೋತಿದ್ದಾರೆ.

ಇನ್ನೊಂದು ಕಂಡಿತು, ಮೂರು ಗಂಟೆ ಥಂಡಿಯಲ್ಲಿ.
ಸಾವಿರದ ವರ್ಗಕ್ಕೆ ಒಂದರ ವರ್ಗ ಕೂಡಿಸಿದರೆ ಇದೇ ಸಂಖ್ಯೆ:
ಅಣ್ಣನಿಗೆ ಸಾವಿರ ಹೆಜ್ಜೆಯ ಚೌಕ ಹೊಲ,
ತಮ್ಮನಿಗೆ ಗೂಟ ಬಡಿಯಲು ಒಂದು ಹೆಜ್ಜೆ.
ಇದೇ ಭೂಮಿಗೆ ಮತ್ತೊಂದು ವಾಟ್ನಿಯೂ ಉಂಟು:
ಅವನಿಗೆ ಒಂಬೈನೂರಾ ಎಂಬತ್ತು, ಇವನಿಗೆ ನೂರಾ ತೊಂಬತ್ತೊಂಬತ್ತು.
ಗುಂಟೆಯೂ ಹೆಚ್ಚುಕಮ್ಮಿಯಿಲ್ಲ.
ಮೂರನೆಯದು ಹುಡುಕಿದೆ. ಇಲ್ಲ.

ನಾಲ್ಕೂವರೆಗೆ ಖಾಲಿ ಬಂಡಿ ತೂಗಿಸಲು ಲಗಮಪ್ಪ ಬಂದ,
ಮೈತುಂಬ ರವದಿ, ಕೈಯಲ್ಲಿ ಮುದುಡಿದ ಅದೇ ಚೀಟಿ.
ತಡೆಯಲಾಗದೆ ಹೇಳಿದೆ:
ನಿನ್ನ ನಂಬರು ಭಾಳ ಅಪರೂಪದ್ದು, ಎರಡೇ ಅವಿಭಾಜ್ಯದ ಗುಣಲಬ್ಧ.
ತನ್ನ ಬಿಟ್ಟು ಉಳಿದ ಭಾಜಕ ಕೂಡಿಸಿದರೆ
ಬರೀ ಹತ್ತು ಸಾವಿರದ ಮೂರು,
ಇಂಥದಕ್ಕೆ ನ್ಯೂನ ಸಂಖ್ಯೆ ಅಂತಾರ.

"ನ್ಯೂನ?" ಎತ್ತಿನ ಹಗ್ಗ ಜಗ್ಗಿ ಹಿಡಿದ.
"ತೂಕದಾಗ ಏನರ ಕೊರತಿ ಬಂತೇನಕ್ಕಾ?"
ಇಲ್ಲೋ ಮಾರಾಯ, ತೂಕ ಬರೋಬ್ಬರಿ ಅದ.
ನಿನ್ನೊಳಗೆ ನೂರಾ ಒಂದು ಇತ್ತು, ಅಷ್ಟೇ.

ಅದು ತಿಳಿಯಿತು ಅವನಿಗೆ. ಥಟ್ಟನೆ.
"ಮತ್ತ! ನೂರು ರೂಪಾಯಿ ಮುಯ್ಯಿ ಯಾರು ಹಿಡೀತಾರ?
ಮ್ಯಾಲಿನ ಒಂದು ಬೇಕಲ್ಲ."

ಚೀಟಿ ಬನಿಯನ್ ಕಿಸೆಗೆ ಸೇರಿತು.
ಗಾಲಿಯ ಸಪ್ಪಳ ಬಹಳ ಹೊತ್ತು ಕೇಳಿತು.
ಮುಂದಿನವು ಎಷ್ಟೋ ನಂಬರು ಹರಿದುಹೋಗಿದ್ದವು,
ಎಲ್ಲ ಕಾರ್ಬನ್ ಅಡಿ ನೀಲಿಯಾಗಿ;
ಒಂದನ್ನೂ ನಾನು ಭಾಗಿಸಿರಲಿಲ್ಲ.
ಕೈ ತೊಳೆದೆ. ಮಸಿ ಪೂರಾ ಹೋಗಲಿಲ್ಲ.